ತಗೊಂಡೆ ಅನ್ನುವ ತನಕ ಅಳಿಸದ ಕಾಕಾ

ಹೋದ ಬುಧವಾರ ಬೆಳಗ್ಗೆ, ಕುಕ್ಕರಿನ ಎರಡನೆಯ ಸೀಟಿಗೂ ಮೂರನೆಯದಕ್ಕೂ ನಡುವೆ, ಕಾಮೋಠೆಯಿಂದ ಫೋನ್ ಬಂತು.

“ವೈನಿ, ನಾ ಇವತ್ತಿಂದ ಫೋನ್ ಬಿಚ್ಚೂದು ಬಿಟ್ಟೀನಿ. ಕಣ್ಣಿಗಿ ಸಣ್ಣ ಸ್ಕ್ರೂ ಕಾಣಂಗಿಲ್ಲ. ಇನ್ನ ಮುಂದ ಯಾರ್ನೂ ನನ್ನ ಕಡಿ ಕಳಸಬ್ಯಾಡ್ರಿ.”

“ಆಯ್ತು ಕಾಕಾ,” ಎಂದೆ.

“ಆಯ್ತು ಅಲ್ರಿ. ನಾ ಏನ್ ಹೇಳ್ದೆ, ತಿರುಗಿ ಹೇಳ್ರಿ.”

ಗ್ಯಾಸ್ ಸಣ್ಣ ಮಾಡಿ, ಗೋಡೆಗೆ ಒರಗಿ, ಮಗ್ಗಿ ಒಪ್ಪಿಸುವವಳ ಹಾಗೆ ಒಪ್ಪಿಸಿದೆ: ನೀವು ಇನ್ನು ಫೋನ್ ಬಿಚ್ಚುವುದಿಲ್ಲ, ಕಣ್ಣು ಸಾಲುವುದಿಲ್ಲ, ನಾನು ಯಾರನ್ನೂ ಕಳಿಸುವುದಿಲ್ಲ. “ಹಾಂ, ಈಗ ಆಯ್ತು,” ಎಂದು ಇಟ್ಟೇಬಿಟ್ಟರು. ಹೇಗಿದ್ದೀರಿ, ಮೊಣಕಾಲು ಹೇಗುಂಟು, ಏನೂ ಇಲ್ಲ. ಆಮೇಲೆ ತಿಳಿಯಿತು, ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದ ಹಳೆಯ ಗಿರಾಕಿಗಳಿಗೆಲ್ಲ ಹೀಗೆಯೇ ಒಬ್ಬೊಬ್ಬರಿಗೆ ಫೋನ್ ಮಾಡಿ, ಒಬ್ಬೊಬ್ಬರಿಂದಲೂ ತಿರುಗಿ ಹೇಳಿಸಿ, ಹೆಸರಿನ ಮುಂದೆ ಗೆರೆ ಎಳೆದಿದ್ದರಂತೆ. ಎರಡು ದಿನ ಹಿಡಿಯಿತಂತೆ.

ಆ ದಿನವೆಲ್ಲ ನನಗೆ ಕೈ ಒಂದು ಕಡೆ ನಿಲ್ಲಲಿಲ್ಲ. ಬೇಸರವಲ್ಲ, ಯಾರೋ ಡಬ್ಬಿ ಅಲ್ಲಾಡಿಸಿದ ಹಾಗೆ ಅವರ ಒಂದೊಂದೇ ಮಾತು ಮೇಲೆ ಬರತೊಡಗಿತು. ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ಸಂಜೆ ಕುಳಿತು ಬರೆದೇ ಬಿಡುವ ಅಂತ ಆಯಿತು.

ಹೆಸರು ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಯಾರಿಗೂ ಗುರುತು ಹತ್ತದು. ಇಡೀ ಹೌಸಿಂಗ್ ಸೊಸೈಟಿಗೆ ಅವರು ಕಾಕಾ. ಅವರಿಗಿಂತ ಎರಡು ವರ್ಷ ದೊಡ್ಡವರಾದ ನಮ್ಮ ಮನೆಯವರಿಗೂ ಕಾಕಾ. ನಾವು ಆಗ ಡೊಂಬಿವಲಿ ಪೂರ್ವದಲ್ಲಿ ಲಿಫ್ಟಿಲ್ಲದ ಮೂರು ಮಹಡಿಯ ಕಟ್ಟಡದಲ್ಲಿದ್ದೆವು. ನಾವು ಎರಡನೆಯ ಮಹಡಿ, ಅವರು ನಮ್ಮ ಕೆಳಗೆ. ಈಗ ಅದನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರೆ. ನಾವು ಸ್ಟೇಷನ್ನಿನ ಆಚೆ ಬದಿಗೆ ಬಾಡಿಗೆಗೆ ಬಂದೆವು, ಅವರು ಕಾಮೋಠೆಯಲ್ಲಿ ಮಗಳ ಮನೆಯ ಹತ್ತಿರ ಹೋದರು. ನಮ್ಮ ಊರು ಉಡುಪಿ ಕಡೆ, ಅವರದು ಕಲಬುರಗಿ ಕಡೆಯ ಹಳ್ಳಿ. ಮೊದಲ ವರ್ಷ ಮೆಟ್ಟಿಲ ಮೇಲೆ ಸಿಕ್ಕಾಗ ನನ್ನ ‘ಉಂಟು’ ಅವರಿಗೆ ನಗೆ, ಅವರ ‘ಅದ’ ನನಗೆ ನಗೆ. ಇಬ್ಬರಿಗೂ ಬೇಡವೆಂದು ಹಿಂದಿಯಲ್ಲಿ ಮಾತಾಡಿದರೆ ಅವರ ಹೆಂಡತಿ ಕಾಕು ಒಳಗಿನಿಂದ, “ಮನ್ಯಾಗ ಕನ್ನಡ ಸತ್ತದೇನು?” ಎನ್ನುವರು.

ಎತ್ತರದ ಆಳು. ಬಾಗಿಲು ಬಂದರೆ ತಲೆ ತಗ್ಗಿಸುವ ಅಭ್ಯಾಸ. ತಗ್ಗಿಸಬೇಕಿಲ್ಲದ ಬಾಗಿಲಿಗೂ ತಗ್ಗಿಸುತ್ತಿದ್ದರು. ಎಂ.ಐ.ಡಿ.ಸಿ. ಕೈಗಾರಿಕಾ ವಲಯದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಆಪರೇಟರ್ ಆಗಿ ಕೂದಲು ನರೆಸಿಕೊಂಡವರು. ನಿವೃತ್ತಿಯಾದ ಮೇಲೂ ಮನೆಯಲ್ಲಿ ಕಾರ್ಖಾನೆಯ ನೀಲಿ ಅಂಗಿ. ಯಂತ್ರಗಳ ಸದ್ದಿಗೆ ಕಿವಿ ಸ್ವಲ್ಪ ಮಂದ. ಯಾರ ಫೋನನ್ನು ಕೈಗೆ ತೆಗೆದುಕೊಂಡರೂ ಗಾಜಿನ ಮೇಲೆ ಉಗುರಿನಿಂದ ಎರಡು ಸಲ ಟಕ್ ಟಕ್ ಎಂದು ಬಡಿದು ಆಮೇಲೆ ನೋಡುವರು. ಯಾಕೆ ಎಂದು ಕೇಳಿದ್ದೆ.

“ಪ್ರೆಶರ್ ಗೇಜಿನ ಮುಳ್ಳು ಒಮ್ಮೊಮ್ಮೆ ಸಿಕ್ಕೊಂಡಿರ್ತದ ವೈನಿ. ಬಡದ್ರ ಖರೇ ಎಷ್ಟದ ಅಷ್ಟು ತೋರಸ್ತದ.”

“ಮೊಬೈಲಿನಲ್ಲಿ ಮುಳ್ಳು ಎಲ್ಲುಂಟು ಕಾಕಾ?”

“ಇಲ್ಲ. ಕೈಗಿ ಇನ್ನಾ ಗೊತ್ತಾಗಿಲ್ಲ ಅದು.”

ಅವರ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಪಾಳಿ ಮುಗಿಸಿದವನು ಹೊಸದಾಗಿ ಬಂದವನಿಗೆ ಚಾರ್ಜ್ ಕೊಡಬೇಕು. ಕೊಡುವುದೆಂದರೆ ಪುಸ್ತಕಕ್ಕೆ ಸಹಿ ಗೀಚಿ ಚಪ್ಪಲಿ ಮೆಟ್ಟುವುದಲ್ಲ. ಯಾವುದರಲ್ಲಿ ಏನು ಕುದಿಯುತ್ತಿದೆ, ಯಾವ ವಾಲ್ವ್ ಮುಚ್ಚಿದೆ, ಯಾವ ಟಾಂಕಿ ಖಾಲಿ, ಎಲ್ಲ ಬಾಯಿಬಿಟ್ಟು ಹೇಳಬೇಕು. ಬಂದವನು ಅದನ್ನೆಲ್ಲ ತಿರುಗಿ ಹೇಳಿ, ಹೋಗಿ ಮುಟ್ಟಿ ನೋಡಿ, ಕೊನೆಗೆ ‘ತಗೊಂಡೆ’ ಎನ್ನಬೇಕು. ಆ ಒಂದು ಮಾತು ಬರುವ ತನಕ ಹಳಬ ಗೇಟು ದಾಟುವಂತಿಲ್ಲ, ಬಸ್ಸು ತಪ್ಪಿದರೂ ಸರಿ. “ನಾ ಕೊಟ್ಟೆ ಅಂದ್ರ ಕೊಟ್ಟಂಗಲ್ಲ. ಅಂವ ತಗೊಂಡೆ ಅಂದ್ರ ಕೊಟ್ಟಂಗ,” ಎನ್ನುತ್ತಿದ್ದರು.

ಇದನ್ನು ಅವರು ಮನೆಗೂ ತಂದಿದ್ದರು. ಮಗಳ ಮದುವೆಯಾಗಿ ಕಳಿಸಿಕೊಡುವ ದಿನದ್ದನ್ನು ಕಾಕು ಹೇಳಬೇಕು, ನಾವು ಕೇಳಬೇಕು. “ಎಲ್ಲಾರೂ ಅಳ್ಲಕತ್ತಾರ. ಇವರು ಅಳಿಯನ್ನ ಮೂಲಿಗಿ ಕರಕೊಂಡ್ ಹೋಗಿ, ಇಕಿಗಿ ಬದನಿಕಾಯಿ ಆಗಂಗಿಲ್ಲ, ಮುಂಜಾನಿ ಎದ್ದ ಕೂಡ್ಲೆ ಮಾತಾಡ್ಸಿದ್ರ ಸಿಟ್ಟು ಬರ್ತದ, ಥಂಡ್ಯಾಗ ಎಡಗಾಲಿನ ಹಿಮ್ಮಡಿ ಒಡಿತದ ಅಂತ ಹೇಳಿ, ಈಗ ನೀವ್ ಹೇಳ್ರಿ ಅಂದ್ರು.”

“ಅಳಿಯ ಹೇಳಿದರಾ?”

“ಹೇಳ್ಲಿಲ್ಲಂದ್ರ ಗಾಡಿ ಬಿಡ್ತಿದ್ರೇನು ಇವರು?”

ಫೋನಿನ ಹುಚ್ಚು ಹಿಡಿದದ್ದು ನಿವೃತ್ತಿಗೆ ಒಂದು ವರ್ಷ ಮೊದಲು. ಅವರ ಸ್ವಂತ ಫೋನು ನಾಲ್ಕು ವರ್ಷದ್ದು. ಕಂಪನಿ ಅದಕ್ಕೆ ಹೊಸ ಸಾಫ್ಟ್‌ವೇರ್ ಕಳಿಸುವುದನ್ನು ನಿಲ್ಲಿಸಿತು. ಒಂದೊಂದೇ ಆ್ಯಪು ಮುಖ ತಿರುಗಿಸಿತು. ಹಾರ್ಡ್‌ವೇರ್ ಗಟ್ಟಿ ಇರುವ ವಸ್ತುವನ್ನು ಎಸೆಯುವುದು ಅವರ ಜಾಯಮಾನಕ್ಕೆ ಒಗ್ಗದು. ಹುಡುಕುತ್ತ ಹೋದಾಗ, ಇಂಥ ಹಳೆಯ ಫೋನುಗಳಿಗೆಂದೇ ಹವ್ಯಾಸಿಗಳು ಬರೆದು ಹಂಚುವ ಬೇರೆ ಸಾಫ್ಟ್‌ವೇರ್ ಇದೆ, ಕಸ್ಟಮ್ ರೋಮ್ ಅನ್ನುತ್ತಾರೆ ಎಂಬುದು ಸಿಕ್ಕಿತು. ವೀಡಿಯೊ ಹಾಕಿ, ನಿಲ್ಲಿಸಿ, ಪ್ರತಿ ಹೆಜ್ಜೆಯನ್ನೂ ಉದ್ದನೆಯ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡರು. “ಹಿಂದ್ಯಾಗ ಗಡಗಡ ಹೇಳ್ತಾರವರು. ನಾ ತಿರುಗಿ ಹೇಳ್ತೀನಿ. ಅವರಿಗಿ ಕೇಳ್ಸಂಗಿಲ್ಲ, ಅದೊಂದೇ ತ್ರಾಸ.”

ಮೊದಲ ಫೋನು ಸತ್ತಿತು. ಅದನ್ನು ಕಾಕು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟರು. ಎರಡನೆಯದು ಬದುಕಿತು. ಅಂದು ಅವರು ಮೆಟ್ಟಿಲು ಹತ್ತಿ ಬಂದು ನಮ್ಮ ಬೆಲ್ಲು ಒತ್ತಿದ ರೀತಿ ಈಗಲೂ ಕಿವಿಯಲ್ಲಿದೆ, ಬೆರಳು ತೆಗೆಯಲೇ ಇಲ್ಲ. “ವೈನಿ, ಬರ್ರಿ, ಎದ್ದದ.” ಯಾರು ಎದ್ದರು ಅಂತ ನಾನು ಒದ್ದೆ ಕೈಯಲ್ಲೇ ಓಡಿದೆ. ಮೇಜಿನ ಮೇಲೆ ಫೋನು ಮಿರಮಿರ ಹೊಳೆಯುತ್ತಿತ್ತು, ಅಕ್ಷರವೆಲ್ಲ ಕನ್ನಡದಲ್ಲಿ. ಒತ್ತಿದಲ್ಲಿ ಒತ್ತಿದ ಕೂಡಲೇ ತೆರೆಯುತ್ತಿತ್ತು. ನಾವು ನಾಲ್ಕು ಮನೆಯವರು ಸುತ್ತ ನಿಂತು, ಹುಟ್ಟಿದ ಮಗುವನ್ನು ನೋಡಿದ ಹಾಗೆ ನೋಡಿದೆವು. ಆಮೇಲೆ ಒಬ್ಬೊಬ್ಬರಾಗಿ ಹಳೆಯ ಫೋನು ತಂದರು, ಬಿಚ್ಚಿ ಬ್ಯಾಟರಿ ಬದಲಿಸುವುದನ್ನೂ ಅವರು ಕಲಿತರು, ಅವರ ಊಟದ ಮೇಜು ಊಟಕ್ಕೆ ಸಿಗಲಿಲ್ಲ.

ಇಷ್ಟು ಜಾಗ್ರತೆಯ ಮನುಷ್ಯ ಒಂದು ಸಲ ದೊಡ್ಡ ತಪ್ಪು ಮಾಡಿದ್ದರು, ಅದನ್ನು ತಾವೇ ಎಲ್ಲರಿಗೂ ಹೇಳುತ್ತಿದ್ದರು. ಶಹಾಡಿನಲ್ಲಿ ಮಾಲು ಇಳಿಸುವ ಕೆಲಸದ ರಾಯಚೂರು ಕಡೆಯವನೊಬ್ಬನ ಫೋನು. ಅದರಲ್ಲಿ ಅವನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನದ ಫೋಟೋಗಳಿದ್ದವು. ಕಾಕಾ ಎಲ್ಲವನ್ನೂ ಜೋಪಾನವಾಗಿ ಒಂದು ಫೋಲ್ಡರಿಗೆ ತುಂಬಿದರು. ಆ ಫೋಲ್ಡರು ಇದ್ದದ್ದು ಅದೇ ಫೋನಿನಲ್ಲಿ. ಹೊಸ ಸಾಫ್ಟ್‌ವೇರ್ ಹಾಕಲು ಮೊದಲು ಕಂಪನಿಯ ಬೀಗ ತೆಗೆಯಬೇಕು. ಬೀಗ ತೆಗೆದ ಕೂಡಲೇ ಒಳಗಿದ್ದದ್ದೆಲ್ಲ ಅಳಿದುಹೋಗುತ್ತದೆ, ಫೋಲ್ಡರೂ ಸೇರಿ. “ಮನಿ ತೊಳಿಯೂಕಿಂತ ಮೊದ್ಲ ಸಾಮಾನೆಲ್ಲಾ ಟ್ರಂಕಿನ್ಯಾಗ ತುಂಬ್ದೆ. ಟ್ರಂಕು ಅದೇ ಮನ್ಯಾಗ ಬಿಟ್ಟು ಪೈಪ್ ಹಿಡದೆ,” ಎನ್ನುವರು.

ಫೋನಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಭಾನುವಾರ ಶಹಾಡಿಗೆ ಹೋಗಿ ಅವನ ಖೋಲಿಯಲ್ಲಿ ಕುಳಿತು ತಪ್ಪೊಪ್ಪಿಕೊಂಡರು. ಅವನು, “ಹೋಗ್ಲಿ ಬಿಡ್ರಿ ಕಾಕಾ, ಫೋನ್ ಓಡಾಕತ್ತೈತಲ್ಲ,” ಎಂದು ಚಹಾ ತರಿಸಿದ. ಬೈದಿದ್ದರೆ ಮನೆಗೆ ಬಂದು ಮಲಗುತ್ತಿದ್ದೆ, ಆ ಚಹಾ ಮಲಗಗೊಡಲಿಲ್ಲ ಎಂದಿದ್ದರು ಕಾಕಾ. ಮುಂದೆ ಎರಡು ತಿಂಗಳು ಆ ತೊಟ್ಟಿಲ ಕಾರ್ಯಕ್ಕೆ ಬಂದಿದ್ದ ಒಬ್ಬೊಬ್ಬರನ್ನೇ ಹಿಡಿದು, ಅವರ ಮೂಲಕ ಇನ್ನೊಬ್ಬರನ್ನು ಹಿಡಿದು, ಅವರವರ ಫೋನಿನಲ್ಲಿ ಉಳಿದಿದ್ದ ಚೂರುಪಾರು ಫೋಟೋ ಒಟ್ಟುಮಾಡಿ ಕೊಟ್ಟುಬಂದರು. ಅಂದಿನಿಂದ ಮೂರು ಕಟ್ಟಳೆ. ನಕಲು ಫೋನಿನ ಹೊರಗೆ, ಎರಡು ಕಡೆ. ನಕಲನ್ನು ತೆರೆದು ನೋಡಿ, ಒಳಗಿರುವುದು ಯಾರದೋ ಅವರು ‘ತಗೊಂಡೆ’ ಎನ್ನಬೇಕು. ಅಳಿಸುವ ಗುಂಡಿಯನ್ನು ಅವರೇ ಒತ್ತಬೇಕು. ಕಾಕಾ ಮತ್ತೆಂದೂ ಆ ಗುಂಡಿಗೆ ತಮ್ಮ ಬೆರಳು ಮುಟ್ಟಿಸಲಿಲ್ಲ.

ಇನ್ನು ನನ್ನ ಫೋನಿನ ಕಥೆ.

ನಾನು ಠಾಣೆ ಎಂಬ ಊರಿನ ಒಂದು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ದಿನಾ ಬೆಳಗ್ಗೆ ಅದೇ ಲೋಕಲ್ ರೈಲು, ಅದೇ ಮಹಿಳಾ ಡಬ್ಬಿ. ಡಬ್ಬಿಯಲ್ಲಿ ನಮ್ಮದೊಂದು ಭಜನೆಯ ಗುಂಪಿತ್ತು. ಅದರ ಮುಖಂಡೆಯನ್ನು ಎಲ್ಲರೂ ಮಾವ್ಶಿ ಎನ್ನುತ್ತಿದ್ದೆವು, ಮರಾಠಿಯಲ್ಲಿ ಚಿಕ್ಕಮ್ಮ. ಕಲ್ಯಾಣದಿಂದ ಬರುತ್ತಿದ್ದರು. ಕರವಸ್ತ್ರದಲ್ಲಿ ಸುತ್ತಿದ ತಾಳ ಪರ್ಸಿನಿಂದ ಹೊರಬಂತೆಂದರೆ ನಿಂತವರು ಕೂತವರು ಎಲ್ಲ ಒಂದಾಗುತ್ತಿದ್ದರು. ಕನ್ನಡದ ಒಂದಕ್ಷರ ಬಾರದ ಹೆಂಗಸು ನನ್ನ ಬಾಯಿಂದ ಕೇಳಿ, ದಾಸರ ಪದಗಳನ್ನು ನಾಗರಿಯಲ್ಲಿ ಬರೆದುಕೊಂಡು, ನನಗಿಂತ ಚೆನ್ನಾಗಿ ಹಾಡುತ್ತಿದ್ದರು. ಅಭಂಗವೊಂದು, ದಾಸರ ಪದವೊಂದು, ಅಷ್ಟರಲ್ಲಿ ಠಾಣೆ. ನಾನು ಫೋನು ಹಿಡಿದು ರೆಕಾರ್ಡು ಮಾಡುತ್ತಿದ್ದೆ. ಉಳಿದವರೂ ಮಾಡುತ್ತಿದ್ದರು, ಆದರೆ ಜಾಗ ಸಾಲದೆ ಅಳಿಸಿದರು, ಫೋನು ಬದಲಿಸಿದರು. ನಾನು ಸಕ್ಕರೆ ತಂದ ಪ್ಲಾಸ್ಟಿಕ್ ತೊಟ್ಟೆಯನ್ನೂ ಮಡಚಿಡುವವಳು, ಒಂದನ್ನೂ ಅಳಿಸಲಿಲ್ಲ.

ಆಮೇಲೆ ಮಾವ್ಶಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಜೀವಕ್ಕೆ ಅಪಾಯವಾಗಲಿಲ್ಲ. ಸ್ವರ ಮಾತ್ರ ಬರಲಿಲ್ಲ, ಪಿಸುಮಾತಷ್ಟೇ ಉಳಿಯಿತು. ನೋಡಲು ಹೋದಾಗ ನನ್ನ ಕೈ ಹಿಡಿದು ಕೇಳಿದ್ದು ಒಂದೇ: ಹಾಡೆಲ್ಲ ನಿನ್ನ ಹತ್ತಿರ ಉಂಟಲ್ಲ? ಉಂಟು ಎಂದೆ. ಬರುವಾಗ ರೈಲಿನಲ್ಲಿ ಫೋನು ತಾನಾಗಿಯೇ ಆರಿ ತಾನಾಗಿಯೇ ಹೊತ್ತಿಕೊಂಡಿತು. ಒಂದು ವಾರದಲ್ಲಿ ದಿನಕ್ಕೆ ಎರಡು ಸಲ, ಆಮೇಲೆ ನಾಲ್ಕು ಸಲ.

“ಹೊಸದು ತೆಗೊಳ್ಳುವ ಮಾರಾಯ್ತಿ,” ಎಂದರು ನಮ್ಮವರು.

“ಹೊಸದು ಬರ್ಲಿ ಬಿಡಿ. ಹಳತರ ಹೊಟ್ಟೆಯಲ್ಲಿದ್ದದ್ದು ಹೊರಗೆ ಬರ್ಬೇಕಲ್ಲ,” ಎಂದು ನಾನು ಕೆಳಗಿಳಿದೆ.

ಕಾಕಾ ಗಾಜು ಬಡಿದು ನೋಡಿದರು. “ಏಳ್ತದ. ಗಟ್ಟಿ ಅದ. ಆದ್ರ ಕೀಲಿ ತಗದ್ರ ಎಲ್ಲಾ ಹೋಗ್ತದ. ಏನೇನದ ಒಳಗ, ಬಾಯಿಬಿಟ್ಟು ಹೇಳ್ರಿ.” ಹೇಳಿದೆ: ನಂಬರುಗಳು, ಫೋಟೋ, ಕಷಾಯದ ಅಳತೆ ಬರೆದಿಟ್ಟದ್ದು, ಮತ್ತು ಹಾಡು. ಒಂದೊಂದನ್ನೂ ಬರೆದರು, ಒಂದೊಂದನ್ನೂ ಲ್ಯಾಪ್‌ಟಾಪಿಗೂ ಒಂದು ಪೆನ್‌ಡ್ರೈವಿಗೂ ತುಂಬಿದರು. ಹಾಡಿನ ಫೋಲ್ಡರಿನಲ್ಲಿ ನೂರ ಎಪ್ಪತ್ತನಾಲ್ಕು, ಲ್ಯಾಪ್‌ಟಾಪಿನಲ್ಲಿ ನೂರ ಎಪ್ಪತ್ತನಾಲ್ಕು. ಮೊದಲನೆಯದು, ಕೊನೆಯದು, ನಡುವಿನದೊಂದು ಹಾಕಿ ಕೇಳಿಸಿದರು. ಮಾವ್ಶಿಯ ಗಂಟಲು ಅವರ ಅಡುಗೆಮನೆಯ ತನಕ ತುಂಬಿತು. ನಾನು ಗಟ್ಟಿಯಾಗಿ “ತಗೊಂಡೆ” ಎಂದೆ. ಫೋನು ಹೊಸದಾಗುವುದನ್ನು ನೋಡುವ ಆತುರ; ಗುಂಡಿ ಎಲ್ಲಿ ತೋರಿಸಿ ಎಂದು ಬೆರಳನ್ನೂ ಮುಂದೆ ಮಾಡಿದೆ.

ಕಾಕಾ ಪೆನ್ನು ಕೆಳಗಿಟ್ಟರು. “ಈ ಹಾಡು ಯಾರ್ದು ವೈನಿ?”

“ಮಾವ್ಶಿಯದ್ದು. ಹೇಳಿದೆನಲ್ಲ.”

“ಹಂಗಾರ ನಿಮ್ಮ ತಗೊಂಡೆ ನಡಿಯಂಗಿಲ್ಲ. ಅವರು ಬರ್ಬೇಕು.”

“ಅವರು ಕಲ್ಯಾಣದಲ್ಲಿ ಕಾಕಾ, ಹುಷಾರಿಲ್ಲದವರು. ಫೋನು ನನ್ನದು, ಇಷ್ಟು ವರ್ಷ ಕಾದದ್ದು ನಾನು.”

“ನೀವು ಗೋಡೌನಿನವರು. ಮಾಲಕರಲ್ಲ.”

ಕಾಕು ನನ್ನ ಪರ ವಹಿಸಿದರು. “ಎಲ್ಲಾರ್ನೂ ಕಾರ್ಖಾನಿಗಿ ಕರಕೊಂಡ್ ಹೋಗಬ್ಯಾಡ್ರಿ. ಅವರು ಹೇಳ್ಲಕತ್ತಾರಲ್ಲ, ಎಲ್ಲಾ ಅದ ಅಂತ.”

“ಅವರು ಮೂರು ಕೇಳ್ಯಾರ. ನೂರ ಎಪ್ಪತ್ತೊಂದು ಕೇಳಿಲ್ಲ.” ಫೋನನ್ನು ಆರಿಸಿ, ಒಗೆದ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟುಬಿಟ್ಟರು.

ನಾನು ಸಿಟ್ಟಿನಿಂದಲೇ ಮೇಲೆ ಬಂದೆ. ನಾಲ್ಕು ದಿನ ಫೋನಿಲ್ಲ. ಅದು ಮತ್ತೆ ಹೊತ್ತಿಕೊಳ್ಳದಿದ್ದರೆ ಎಂಬ ಹೆದರಿಕೆ ಬೇರೆ.

ಭಾನುವಾರ ರೈಲ್ವೆಯ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಗಾಡಿಗಳೇ ಕಡಿಮೆ. ಆದರೂ, ನಮ್ಮವರ ಫೋನಿನಿಂದ ನಾನು ವಿಷಯ ತಿಳಿಸಿದ್ದಕ್ಕೆ, ಮಾವ್ಶಿ ಬಂದರು, ಕುತ್ತಿಗೆಗೆ ಹತ್ತಿಯ ದುಪಟ್ಟಾ ಸುತ್ತಿಕೊಂಡು, ಎರಡು ಗಾಡಿ ಬದಲಿಸಿ. ಕಾಕಾ ಎದ್ದು ನಿಂತು ಕುರ್ಚಿ ಎಳೆದರು. ತಮ್ಮ ಕಲಬುರಗಿ ಮರಾಠಿಯಲ್ಲಿ, ತಾಯಿ, ಇದು ನಿಮ್ಮ ಸಾಮಾನು, ನೋಡಿ ತೆಗೆದುಕೊಳ್ಳಿ ಎಂದು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದರು. ಮಾವ್ಶಿ ಒಂದೊಂದನ್ನೂ ಸ್ವಲ್ಪ ಸ್ವಲ್ಪ ಕೇಳುತ್ತ ಹೋದರು. ಹಾಡು ಶುರುವಾಗುವ ಮೊದಲೇ ಯಾವುದೆಂದು ಅವರಿಗೆ ತಿಳಿಯುತ್ತಿತ್ತು, ಡಬ್ಬಿಯ ಗದ್ದಲದಿಂದಲೇ. ಒಂದು ಕಡೆ ಯಾರೋ ಮೀನಿನ ಬುಟ್ಟಿಗೆ ಜಗಳ ಕಾಯುತ್ತಿದ್ದರು. ಮಾವ್ಶಿ ಮೈ ಕುಲುಕಿಸಿ ನಕ್ಕರು, ಸದ್ದಿಲ್ಲದ ನಗು. ನನಗೆ ಅಷ್ಟು ಖುಷಿಯಾಯಿತೆಂದರೆ ನಾಲ್ಕು ದಿನದ ಸಿಟ್ಟು ಎಲ್ಲಿ ಹೋಯಿತೋ.

ಪಟ್ಟಿ ಮುಗಿಯಿತು. ಕಾಕಾ ಪುಸ್ತಕ ಹಿಡಿದು ಕಾದರು. ಮಾವ್ಶಿ ‘ತಗೊಂಡೆ’ ಎನ್ನಲಿಲ್ಲ. ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ, “ತೀ ಗಾಡೀ ಥಾಂಬ್ಲೇಲೀ?” ಎಂದರು. ಗಾಡಿ ನಿಂತಿತ್ತಲ್ಲ, ಅದು ಎಲ್ಲಿ?

ನೆನಪಾಯಿತು. ದಿವಾ ಸ್ಟೇಷನ್ ದಾಟಿ, ಸುರಂಗದ ಮೊದಲು ಗಾಡಿ ನಿಂತು ಮುಕ್ಕಾಲು ಗಂಟೆ ಕದಲದೆ ಇದ್ದ ದಿನ. ಫ್ಯಾನೂ ನಿಂತಿತ್ತು. ಹೆಂಗಸರು ಹೆದರಿ ಕೂಗಾಡತೊಡಗಿದಾಗ ಮಾವ್ಶಿ ತಾಳ ತೆಗೆದು ಹಾಡತೊಡಗಿದ್ದರು, ಇಡೀ ಡಬ್ಬಿ ಹಾಡಿತ್ತು. ನಾನು ಮಾಡಿದ ರೆಕಾರ್ಡುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಅದು. ಲ್ಯಾಪ್‌ಟಾಪಿನಲ್ಲಿ ಹುಡುಕಿದೆ, ಇಲ್ಲ. ಪೆನ್‌ಡ್ರೈವಿನಲ್ಲಿಯೂ ಇಲ್ಲ. ಕಪಾಟಿನಿಂದ ಫೋನು ತೆಗೆದು ಹೊತ್ತಿಸಿದರು. ಅದು ಎದ್ದೇಳಲು ಮೂರು ನಿಮಿಷ ಹಿಡಿಯಿತು. ರೆಕಾರ್ಡಿಂಗ್ ಆ್ಯಪು ತೆರೆದು ಕೆಳಗೆ, ಇನ್ನೂ ಕೆಳಗೆ ಹೋದೆ. ಇತ್ತು. ಅದೊಂದೇ ಅಲ್ಲ, ಅದರ ಹಿಂದೆ ಮುಂದೆ ಇನ್ನೂ ಇದ್ದವು. ಎಣಿಸಿದರೆ ಲ್ಯಾಪ್‌ಟಾಪಿಗೆ ಬಾರದವು ಮೂವತ್ತೆಂಟು.

ಸಂಗತಿ ಇಷ್ಟು. ಮೊದಮೊದಲು ಆ್ಯಪು ಹಾಡುಗಳನ್ನು ತನ್ನದೇ ಒಳಕೋಣೆಯಲ್ಲಿ ಇಟ್ಟುಕೊಳ್ಳುತ್ತಿತ್ತು. ಹೊರಗಿನಿಂದ ಲ್ಯಾಪ್‌ಟಾಪು ಜೋಡಿಸಿದರೆ ಆ ಕೋಣೆ ಕಾಣುವುದೇ ಇಲ್ಲ. ಯಾವಾಗಲೋ ನಾನೇ ಸೆಟ್ಟಿಂಗು ಬದಲಿಸಿದ್ದೆ, ಮುಂದಿನದೆಲ್ಲ ಹೊರಗಿನ ಫೋಲ್ಡರಿಗೆ ಬಿದ್ದವು. ಬದಲಿಸಿದ್ದು ನನಗೇ ಮರೆತಿತ್ತು. ನಾಲ್ಕು ದಿನದ ಹಿಂದೆ ನನ್ನ ಬೆರಳು ಗುಂಡಿಗೆ ಹೋಗಿದ್ದರೆ ಆ ಮೂವತ್ತೆಂಟು ಅಂದೇ ಹೋಗುತ್ತಿದ್ದವು, ಹೋದದ್ದು ನನಗೆ ಗೊತ್ತೂ ಆಗುತ್ತಿರಲಿಲ್ಲ.

ಕಾಕಾ ಪೆನ್ನು ಬದಲಿಸಿದರು. ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ಬರೆದರು, ಬರೆದದ್ದನ್ನು ಓದಿಯೂ ಹೇಳಿದರು: “ಟಾಂಕಿ ಅಳತಿ ಮಾಡ್ದೆ. ಪೈಪಿನ್ಯಾಗ ನಿಂತದ್ದು ಮಾಡ್ಲಿಲ್ಲ. ತಪ್ಪು ನಂದು.”

ಆ ಆ್ಯಪಿನಿಂದ ಹಾಡನ್ನು ಹೊರಗೆ ಕಳಿಸಬಹುದಿತ್ತು, ಆದರೆ ಒಂದು ಸಲಕ್ಕೆ ಒಂದೇ. ಕಾಕುವಿನ ಫೋನು ಪಕ್ಕದಲ್ಲಿಟ್ಟು ಬ್ಲೂಟೂತ್ ಹಾಕಿದೆವು. ನಾನು ಕಳಿಸುವುದು, ಆ ಕಡೆ ಬಂದದ್ದನ್ನು ಮಾವ್ಶಿ ಕೇಳಿ ಬೆರಳೆತ್ತುವುದು, ಕಾಕಾ ಗೆರೆ ಎಳೆಯುವುದು. ಏಳಾಗುವಾಗ ಫೋನು ಆರಿತು. ಹೊತ್ತಿಸಿದೆವು. ಹತ್ತೊಂಬತ್ತಕ್ಕೆ ಮತ್ತೆ ಆರಿತು. ಮುಟ್ಟಿದರೆ ಕಾದ ಕಾವಲಿ. ಕಾಕು ಸ್ಟೀಲಿನ ತಾಟು ಬೋರಲು ಹಾಕಿ, ಅದರ ಮೇಲೆ ಫೋನು ಮಲಗಿಸಿ, ಮೇಲೆ ಫ್ಯಾನು ಜೋರು ಮಾಡಿದರು. “ಅದಕ್ಕೂ ಸ್ವಲ್ಪ ಕುಂದ್ರಗೊಡ್ರಿ,” ಎಂದು ನಮಗೆಲ್ಲ ಮಜ್ಜಿಗೆ ಕೊಟ್ಟರು. ಮತ್ತೆ ಎದ್ದಿತು. ಇಪ್ಪತ್ತು, ಇಪ್ಪತ್ತೊಂದು. ಮೂವತ್ತು ದಾಟಿದ ಮೇಲೆ ನಾವು ಮೂವರೂ ಗಟ್ಟಿಯಾಗಿ ಎಣಿಸತೊಡಗಿದ್ದೆವು, ಮಾವ್ಶಿ ಬರಿಯ ತುಟಿಯಲ್ಲಿ. ನಿಂತ ಗಾಡಿಯ ಹಾಡು ಮೂವತ್ತಾರನೆಯದು. ಅದು ಉದ್ದದ್ದಾದ್ದರಿಂದ ಪರದೆಯ ಮೇಲಿನ ಗೆರೆ ಮುಂದೆ ಸರಿಯುವುದೇ ಇಲ್ಲ. ಶೇಕಡಾ ತೊಂಬತ್ತರಲ್ಲಿ ನಿಂತಿತು. ಯಾರೂ ಮೇಜು ಮುಟ್ಟಲಿಲ್ಲ. ಆಮೇಲೆ ತೊಂಬತ್ತೊಂದು ಬಂತು.

ಬಂದದ್ದನ್ನು ಪೂರ್ತಿ ಹಾಕಿ ಕೇಳಿದೆವು. ಹೆಂಗಸರ ಗಲಾಟೆ, ಒಬ್ಬಳ ಅಳು, ಆಮೇಲೆ ತಾಳದ ಒಂದು ಟಿಣ್, ಆಮೇಲೆ ಮಾವ್ಶಿ. ನಾನು ಅವರ ಮುಖ ನೋಡಲು ಹೆದರಿ ಗೋಡೆ ನೋಡುತ್ತಿದ್ದೆ. ಭುಜಕ್ಕೆ ತಟ್ಟಿದರು. ಪಲ್ಲವಿ ಎತ್ತುವಾಗ ನಾನು ಅರ್ಧ ಮಾತ್ರೆ ಮೊದಲೇ ನುಗ್ಗಿದ್ದೆನಂತೆ, ಅಷ್ಟು ವರ್ಷದ ಹಿಂದೆ. ಅದನ್ನು ಪಿಸುಗುಟ್ಟಿ ಬೈದರು.

ಉಳಿದೆರಡೂ ಬಂದವು. ಎಲ್ಲವನ್ನೂ ಎರಡು ಕಡೆ ತುಂಬಿ ಎಣಿಸಿದಾಗ ಇನ್ನೂರ ಹನ್ನೆರಡು. ಆ್ಯಪಿನಲ್ಲಿಯೂ ಇನ್ನೂರ ಹನ್ನೆರಡು. ಕಾಕಾ ಮಾವ್ಶಿಯ ಎದುರು ನಿಂತು ಕೇಳಿದರು. ಅವರ ಪಿಸುಮಾತು ಕಾಕಾನ ಕಿವಿಗೆ ಹತ್ತಲಿಲ್ಲ. ಎತ್ತರದ ಮನುಷ್ಯ ಸೊಂಟ ಬಾಗಿಸಿ ಅವರ ಬಾಯಿಯ ಹತ್ತಿರ ಕಿವಿ ತಂದರು. “ಮಿಳಾಲಂ,” ಎಂದರು ಮಾವ್ಶಿ. ಸಿಕ್ಕಿತು. ಕಾಕಾ ಬರೆದುಕೊಂಡು ಸಹಿ ಹಾಕಿಸಿಕೊಂಡರು.

ಪರದೆಯ ಮೇಲೆ ಬಿಳಿಯ ಅಕ್ಷರ ಬಂತು: ಬೀಗ ತೆಗೆದರೆ ಎಲ್ಲವೂ ಅಳಿಯುತ್ತದೆ, ಹೌದಾದರೆ ಧ್ವನಿ ಏರಿಸುವ ಗುಂಡಿ ಒತ್ತಿ. ಕಾಕಾ ಮರಾಠಿಯಲ್ಲಿ ಓದಿ ಹೇಳಿ ಫೋನನ್ನು ಮಾವ್ಶಿಯ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ನಿಂತರು. ಮಾವ್ಶಿ ಒತ್ತಿದರು, ಒಂದಿಷ್ಟೂ ತಡವರಿಸದೆ.

ಮುಂದಿನ ಅರ್ಧ ಗಂಟೆ ಕಾಕಾ ಕೇಬಲ್ಲು, ಪುಸ್ತಕ, ಕನ್ನಡಕಗಳ ನಡುವೆ ಮುಳುಗಿದ್ದರು. ಪ್ರತಿ ಹೆಜ್ಜೆಯನ್ನೂ ಓದಿ ತಮಗೆ ತಾವೇ ತಿರುಗಿ ಹೇಳಿಕೊಂಡರು. ಕೊನೆಗೆ ಪರದೆಯ ಮೇಲೆ ಒಂದು ಬಳೆಯಾಕಾರ ಸುತ್ತತೊಡಗಿತು. ಮೊದಲ ಸಲ ಏಳಲು ಹೊತ್ತು ಹಿಡಿಯುತ್ತದೆ, ಹತ್ತು ನಿಮಿಷವೂ ಆಗಬಹುದು, ಯಾರೂ ಮುಟ್ಟಬಾರದು ಎಂದರು. ಮೂವರೂ ಬಗ್ಗಿ ಆ ಬಳೆಯನ್ನೇ ನೋಡುತ್ತ ಕುಳಿತೆವು.

ಒಳಗೆ ಕಾಕು ಜೋಳದ ರೊಟ್ಟಿ ಬಡಿಯಲು ಶುರುಮಾಡಿದರು. ತಪ ತಪ, ತಪ ತಪ. ಮಾವ್ಶಿಯ ಬೆರಳು ಮೇಜಿನ ಅಂಚಿನಲ್ಲಿ ಅದಕ್ಕೆ ಸೇರಿಕೊಂಡಿತು. ಆಮೇಲೆ ತುಟಿ ಅಲ್ಲಾಡಿತು, ಪಿಸುಮಾತಿನಲ್ಲಿಯೇ, ನಿಂತ ಗಾಡಿಯಲ್ಲಿ ಹಾಡಿದ ಅದೇ ದಾಸರ ಪದ. ಸ್ವರವಿಲ್ಲ, ಲೆಕ್ಕ ಮಾತ್ರ ಕರಾರುವಾಕ್ಕು. ನನ್ನ ಕಡೆ ನೋಡಿ ಗಲ್ಲ ಎತ್ತಿದರು. ನಾನು ಸ್ವರ ಕೊಟ್ಟೆ, ಈ ಸಲ ನುಗ್ಗದೆ. ಕಾಕಾ ಹಾಡಿದ್ದನ್ನು ಅವರ ಹೆಂಡತಿಯೂ ಕೇಳಿದವರಲ್ಲ. ಅವರೂ ಬಾಯಿಬಿಟ್ಟರು, ಗೊಗ್ಗರು ದನಿ, ಪಲ್ಲವಿಯಲ್ಲೇ ತಾಳಕ್ಕಿಂತ ಮುಂದೆ ಓಡಿದರು. ಮಾವ್ಶಿ ಬೆರಳೆತ್ತಿ ನಿಲ್ಲಿಸಿ, ಮೊದಲಿಂದ ಎಂದು ಸನ್ನೆ ಮಾಡಿದರು. ಮತ್ತೆ ಓಡಿದರು, ಮತ್ತೆ ಬೆರಳು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು, ರೊಟ್ಟಿಯ ಸದ್ದಿಗೆ ಕಿವಿಗೊಟ್ಟು, ಸರಿಯಾದ ಜಾಗಕ್ಕೆ ಬಂದು ಬಿದ್ದರು. ಮಾವ್ಶಿ ತಲೆಯಾಡಿಸಿದರು, ನಾವು ಎರಡನೆಯ ನುಡಿಗೆ ಹೋದೆವು.

ಬಡಿಯುವ ಸದ್ದು ನಿಂತಿತು. ಕಾಕು ಹಿಟ್ಟಿನ ಕೈಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. “ಅಲ್ರೀ, ಅದು ಚಾಲೂ ಆಗಿ ಎಷ್ಟೊತ್ತಾಯ್ತು, ಒಬ್ರರೆ ನೋಡ್ಬಾರ್ದೇನ್ರೀ?”

ಯಾರೂ ತಿರುಗಲಿಲ್ಲ. ಮಾವ್ಶಿ ಅವರತ್ತ ನೋಡದೆಯೇ, ನಿಲ್ಲಿಸಬೇಡ, ಬಡಿ ಎಂದು ಕೈ ಬೀಸಿದರು. ಕೊನೆಯ ನುಡಿ ಇನ್ನೂ ಬಾಕಿ ಇತ್ತು.